ಐದು ಕಿಲೋಮೀಟರ್ ಮುಗಿದ ಮೇಲೆ

ಕಳೆದ ಕಾರ್ತಿಕ ಮಾಸದ ಒಂದು ಮುಂಜಾನೆ 46 ವರ್ಷದ ಶಿಕ್ಷಕಿಯೊಬ್ಬರು ಬಲಗಾಲನ್ನು ಎಳೆದುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಆಷಾಢದ ಕೊನೆಯಲ್ಲಿ ಇದೇ ಕೊಠಡಿಯಲ್ಲಿ ಕುಳಿತು, ಮಧುಮೇಹದ ಮಾತ್ರೆಯನ್ನು ಹೆಚ್ಚಿಸುವ ಮೊದಲು ತಮಗೊಂದು ಅವಕಾಶ ಕೊಡಬೇಕೆಂದು ಕೇಳಿಕೊಂಡಿದ್ದವರು ಅವರೇ. ಮಗನು ಮೊಬೈಲಿನಲ್ಲಿ ಹಾಕಿಕೊಟ್ಟ ಒಂಬತ್ತು ವಾರಗಳ ಓಟದ ಪಾಠವನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದ್ದರು. ಜೊತೆಗೆ ಅವರ ಮೈದುನನೂ ಓಡಿದ್ದನು. ಪಾಠ ಮುಗಿದ ದಿನ ಇಬ್ಬರೂ ಊರ ಹೊರಗಿನ ಕೆರೆಯ ಏರಿಯ ಮೇಲೆ ನಿಂತು ತೆಗೆಸಿಕೊಂಡ ಚಿತ್ರವನ್ನು ನನಗೂ ಕಳುಹಿಸಿದ್ದರು. ಅದಾದ ಆರು ವಾರಗಳಲ್ಲಿ ಮೈದುನನು ಓಡುವುದನ್ನೇ ಬಿಟ್ಟನು. ಶಿಕ್ಷಕಿಯವರು ಕಾಲಿನ ಎಲುಬಿನಲ್ಲಿ ಬಿರುಕು ಮಾಡಿಕೊಂಡರು.

ಮೇಲ್ನೋಟಕ್ಕೆ ಇವೆರಡು ಬೇರೆ ಬೇರೆ ಸಂಗತಿಗಳು. ಆದರೆ ಮೂಲ ಒಂದೇ. ಹತ್ತನೆಯ ವಾರ ಏನು ಮಾಡಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಇಂದು ನಗರಗಳಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ಅನೇಕರು ಅನುಸರಿಸುತ್ತಿರುವ ಈ ಪಾಠಕ್ರಮವನ್ನು 1996ರಲ್ಲಿ ಜೋಶ್ ಕ್ಲಾರ್ಕ್ ಎಂಬವರು ರೂಪಿಸಿದರು. ಇದಕ್ಕೆ ‘ಕೌಚ್ ಟು ಫೈವ್ ಕೆ’ ಎಂಬ ಹೆಸರಿದೆ. ಕುಳಿತಲ್ಲಿಂದ ಎದ್ದು ಐದು ಕಿಲೋಮೀಟರ್ ಓಡುವವರೆಗೆ ಎಂಬುದು ಅದರ ತಾತ್ಪರ್ಯ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಬಳಿಕ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ ಎಂದು 20 ನಿಮಿಷ ಕಳೆಯಬೇಕು. ವಾರಕ್ಕೆ ಮೂರು ದಿನ ಮಾತ್ರ ಓಟ. ವಾರಗಳು ಉರುಳಿದಂತೆ ಓಟದ ಪಾಲು ಹೆಚ್ಚುತ್ತದೆ, ನಡಿಗೆಯ ಪಾಲು ತಗ್ಗುತ್ತದೆ. ಒಂಬತ್ತನೆಯ ವಾರದಲ್ಲಿ 30 ನಿಮಿಷ ನಿಲ್ಲದೆ ಓಡುವ ಶಕ್ತಿ ಬರುತ್ತದೆ. ಕ್ರಮವು ಸರಳವಾಗಿದೆ, ವಿವೇಕದಿಂದ ಕೂಡಿದೆ. ಆದರೆ ಪ್ರತಿದಿನ ಏನು ಮಾಡಬೇಕೆಂಬುದನ್ನು ಕಿವಿಯಲ್ಲಿ ಹೇಳುತ್ತಿದ್ದ ಧ್ವನಿಯು ಒಂಬತ್ತನೆಯ ವಾರದ ಕೊನೆಗೆ ಅಭಿನಂದನೆ ಹೇಳಿ ಸುಮ್ಮನಾಗಿಬಿಡುತ್ತದೆ. ಆಗ ಕೆಲವರು ‘ಮುಗಿಯಿತು’ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ‘ಇಷ್ಟಾಯಿತಲ್ಲ, ಇನ್ನಷ್ಟೂ ಆದೀತು’ ಎಂದು ಹೊರಡುತ್ತಾರೆ.

ಈ ಎರಡನೆಯವರ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಅವರ ತಪ್ಪು ಉತ್ಸಾಹದಿಂದ ಹುಟ್ಟಿದ್ದು, ಮತ್ತು ಆ ಉತ್ಸಾಹಕ್ಕೆ ದೇಹವೇ ಸಾಕ್ಷಿ ಹೇಳುತ್ತಿರುತ್ತದೆ.

ಓಟವನ್ನು ಆರಂಭಿಸಿದ ಒಂದೆರಡು ವಾರಗಳಲ್ಲಿಯೇ ರಕ್ತದ ದ್ರವಭಾಗವು ಹೆಚ್ಚುತ್ತದೆ; ಹೃದಯವು ಒಂದೊಂದು ಬಡಿತದಲ್ಲಿಯೂ ಮೊದಲಿಗಿಂತ ಹೆಚ್ಚು ರಕ್ತವನ್ನು ತಳ್ಳಬಲ್ಲುದಾಗುತ್ತದೆ. ನಾಲ್ಕಾರು ವಾರಗಳಲ್ಲಿ ಕಾಲಿನ ಸ್ನಾಯುಗಳೊಳಗೆ ಶಕ್ತಿಯನ್ನು ಉತ್ಪಾದಿಸುವ ಮೈಟೋಕಾಂಡ್ರಿಯಗಳು ವೃದ್ಧಿಯಾಗುತ್ತವೆ, ಸೂಕ್ಷ್ಮ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಮೊದಲ ದಿನ ಒಂದು ನಿಮಿಷಕ್ಕೇ ಏದುಸಿರು ಬಿಡುತ್ತಿದ್ದವರು ಎರಡು ತಿಂಗಳಲ್ಲಿ ಅರ್ಧ ಗಂಟೆ ಓಡುವುದು ಈ ಬದಲಾವಣೆಗಳಿಂದಲೇ. ಉಸಿರು ಸಲೀಸಾಯಿತು, ಎದೆಯ ಬಡಿತ ಹತೋಟಿಗೆ ಬಂತು. ಇನ್ನು ದೇಹವು ಸಿದ್ಧವಾಯಿತೆಂದು ಓಟಗಾರರಿಗೆ ಅನ್ನಿಸುವುದು ಸಹಜ.

ಆದರೆ ನೆಲದ ಹೊಡೆತವನ್ನು ತಾಳಿಕೊಳ್ಳುವುದು ಎದೆಯಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕಾಲಿನ ಮೇಲೆ ದೇಹದ ತೂಕದ ಸುಮಾರು ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಐದು ಕಿಲೋಮೀಟರಿಗೆ ಇಂಥ ಐದು ಸಾವಿರಕ್ಕೂ ಹೆಚ್ಚು ಹೆಜ್ಜೆಗಳು. ಈ ಭಾರವನ್ನು ಹೊರುವ ಎಲುಬು ಮತ್ತು ಸ್ನಾಯುರಜ್ಜುಗಳ ಗಡಿಯಾರವೇ ಬೇರೆ. ಎಲುಬನ್ನು ನಾವು ಕಲ್ಲಿನಂತೆ ಜಡವೆಂದು ಭಾವಿಸುತ್ತೇವೆ. ಅದು ಸದಾ ಕೆಡವಿ ಕಟ್ಟುತ್ತಿರುವ ಮನೆ. ಹೊಸ ಭಾರ ಬಿದ್ದಾಗ ಒಂದು ಬಗೆಯ ಜೀವಕೋಶಗಳು ಮೊದಲು ದಣಿದ ಎಲುಬಿನ ಭಾಗವನ್ನು ಕರಗಿಸಿ ತೆಗೆಯುತ್ತವೆ. ಇದಕ್ಕೆ ಮೂರು ವಾರಗಳಷ್ಟು ಸಾಕು. ಬಳಿಕ ಇನ್ನೊಂದು ಬಗೆಯ ಜೀವಕೋಶಗಳು ಬಂದು ಅಲ್ಲಿ ಹೊಸ ಎಲುಬನ್ನು ತುಂಬಿ ಗಟ್ಟಿಮಾಡುತ್ತವೆ. ಇದಕ್ಕೆ ಮೂರರಿಂದ ನಾಲ್ಕು ತಿಂಗಳು ಬೇಕು. ಅಂದರೆ ಹಳೆಯ ಗೋಡೆ ಬಿದ್ದಿದೆ, ಹೊಸದು ಇನ್ನೂ ಹಸಿಯಾಗಿದೆ ಎಂಬಂಥ ಒಂದು ಅವಧಿ ನಡುವೆ ಬರುತ್ತದೆ. ಒಂಬತ್ತು ವಾರಗಳ ಪಾಠ ಮುಗಿಯುವುದು ಬಹುಮಟ್ಟಿಗೆ ಇದೇ ಅವಧಿಯಲ್ಲಿ. ಉಸಿರು ‘ಹೋಗು’ ಎನ್ನುತ್ತಿರುತ್ತದೆ, ಎಲುಬು ‘ತಾಳು’ ಎನ್ನುತ್ತಿರುತ್ತದೆ. ಎಲುಬಿನ ಮಾತು ನೋವಾಗುವವರೆಗೂ ಕೇಳಿಸುವುದಿಲ್ಲ.

ನಮ್ಮ ಶಿಕ್ಷಕಿಯವರು ಸಹೋದ್ಯೋಗಿಗಳ ಒತ್ತಾಯಕ್ಕೆ 10 ಕಿಲೋಮೀಟರ್ ಓಟವೊಂದಕ್ಕೆ ಹೆಸರು ಕೊಟ್ಟಿದ್ದರು. ವಾರಕ್ಕೆ ಮೂರು ದಿನವಿದ್ದ ಓಟವು ಆರು ದಿನವಾಯಿತು. ದೂರವು ಐದರಿಂದ ಆರು, ಏಳು, ನಾಲ್ಕನೆಯ ವಾರಕ್ಕೆ ಒಂಬತ್ತು ಆಯಿತು. ಬಲಗಾಲಿನ ಮೊಣಕಾಲ ಕೆಳಗಿನ ಎಲುಬಿನ ಒಳಬದಿಯಲ್ಲಿ ಸಣ್ಣ ನೋವು ಕಾಣಿಸಿಕೊಂಡಾಗ ಎಣ್ಣೆ ತಿಕ್ಕಿ ಓಡಿದರು. ಮುಂದಿನ ವಾರ ನಿಂತರೂ ನೋವು.

ಹಾಗಾದರೆ ಹತ್ತನೆಯ ವಾರದಲ್ಲಿ ಮಾಡಬೇಕಾದುದೇನು? ಮೊದಲ ನಾಲ್ಕರಿಂದ ಆರು ವಾರ ಏನನ್ನೂ ಹೆಚ್ಚಿಸಬಾರದು. ಅದೇ ಮೂರು ದಿನ, ಅದೇ 30 ನಿಮಿಷ. ಕೇಳಲು ಇದು ಸಪ್ಪೆಯೆನಿಸಬಹುದು. ಆದರೆ ಅಷ್ಟೇ ದೂರವು ದಿನೇ ದಿನೇ ಹಗುರವಾಗುತ್ತ ಬರುವುದನ್ನು ಗಮನಿಸಿದವರಿಗೆ ಅದೂ ಒಂದು ಪ್ರಗತಿಯೇ ಎಂಬುದು ತಿಳಿಯುತ್ತದೆ. ಇಲ್ಲಿ ಇನ್ನೊಂದು ಮಾತು. 30 ನಿಮಿಷ ಓಡಿದರೂ ಐದು ಕಿಲೋಮೀಟರ್ ಆಗಲಿಲ್ಲವೆಂದು ಹಲವರು ಕೊರಗುತ್ತಾರೆ. ಕಿಲೋಮೀಟರಿಗೆ 8 ನಿಮಿಷದಂತೆ ಓಡುವವರು ಅರ್ಧ ಗಂಟೆಯಲ್ಲಿ ಪೌಣೇ ನಾಲ್ಕು ಕಿಲೋಮೀಟರ್ ಮಾತ್ರ ಕ್ರಮಿಸುತ್ತಾರೆ. ಮೊದಲ ಸಲ ಓಡುವ ನಡುವಯಸ್ಸಿನವರಲ್ಲಿ ಇದು ತೀರ ಸಾಮಾನ್ಯ. ಕೊರಗಬೇಕಾಗಿಲ್ಲ. ಅಂಥವರು ಮುಂದಿನ ಕೆಲವು ವಾರಗಳನ್ನು ಆ ಐದನ್ನು ತಲುಪಲು ಬಳಸಿಕೊಳ್ಳಲಿ.

ಅನಂತರ ದೂರ, ವೇಗ, ದಿನಗಳ ಸಂಖ್ಯೆ ಈ ಮೂರರಲ್ಲಿ ಒಂದನ್ನು ಮಾತ್ರ ಹೆಚ್ಚಿಸಬೇಕು. ನನ್ನ ಸಲಹೆ ದೂರದಿಂದ ಆರಂಭಿಸುವುದು, ಅದೂ ವಾರದ ಒಂದೇ ಓಟದಲ್ಲಿ. ವಾರದ ಒಟ್ಟು ದೂರವನ್ನು ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂಬ ನಿಯಮವೊಂದು ಓಟಗಾರರ ಬಾಯಲ್ಲಿ ಬಹುಕಾಲದಿಂದ ಇದೆ. ನೆದರ್‌ಲ್ಯಾಂಡ್ಸ್ ದೇಶದ ಗ್ರೋನಿಂಗನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ನಿಯಮದಂತೆ 13 ವಾರ, ಇನ್ನೊಂದಕ್ಕೆ ಸಾಮಾನ್ಯ ರೀತಿಯಲ್ಲಿ 8 ವಾರ ತರಬೇತಿ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶವು ಅನೇಕರಿಗೆ ಅಚ್ಚರಿಯನ್ನುಂಟುಮಾಡಿತು: ಎರಡೂ ಗುಂಪುಗಳಲ್ಲಿ ಐದರಲ್ಲಿ ಒಬ್ಬರಿಗೆ ಗಾಯವಾಗಿತ್ತು. ವಾರದ ಲೆಕ್ಕವೊಂದೇ ಕಾಪಾಡುವುದಿಲ್ಲವೆಂದಾಯಿತು. 2025ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ಓಟಗಾರರ ಅಧ್ಯಯನವೊಂದು ಈ ಗಂಟನ್ನು ಸ್ವಲ್ಪ ಬಿಡಿಸಿದೆ. ಹಿಂದಿನ 30 ದಿನಗಳಲ್ಲಿ ಓಡಿದ ಅತ್ಯಂತ ಉದ್ದದ ಓಟಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ದೂರವನ್ನು ಒಂದೇ ದಿನದಲ್ಲಿ ಓಡಿದವರಲ್ಲಿ ಗಾಯಗಳು ಹೆಚ್ಚಾಗಿದ್ದವು. ಅಂದರೆ ಎಚ್ಚರ ವಹಿಸಬೇಕಾದುದು ಒಂದು ದಿನದ ಅತಿಸಾಹಸದ ಬಗ್ಗೆ.

ಈ ಲೆಕ್ಕದಲ್ಲಿ ಐದು ಕಿಲೋಮೀಟರಿನವರು ಮುಂದಿನ ವಾರ ಐದೂವರೆ, ಅದರ ಮುಂದೆ ಆರು ಎಂದು ಒಂದು ದಿನದ ಓಟವನ್ನು ಅರ್ಧರ್ಧ ಕಿಲೋಮೀಟರ್ ಬೆಳೆಸುತ್ತ ಹೋಗಬಹುದು. ಉಳಿದೆರಡು ದಿನ ಹಿಂದಿನಷ್ಟೇ. ಮೂರು ವಾರ ಬೆಳೆಸಿದ ಮೇಲೆ ನಾಲ್ಕನೆಯ ವಾರ ಒಂದಿಷ್ಟು ತಗ್ಗಿಸಿ ಕಾಲಿಗೆ ಬಿಡುವು ಕೊಡಬೇಕು. ಹೀಗೆ ನಡೆದರೆ 10 ಕಿಲೋಮೀಟರ್ ತಲುಪಲು ಮೂರು ತಿಂಗಳ ಮೇಲೆ ಹಿಡಿಯುತ್ತದೆ. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ 10 ಕಿಲೋಮೀಟರ್ ಓಟದಂಥ ಸ್ಪರ್ಧೆಗಳಿಗೆ ಹೆಸರು ಕೊಡುವವರು ಮೊದಲು ಪಂಚಾಂಗವನ್ನು ನೋಡಿ ಈ ವಾರಗಳನ್ನು ಎಣಿಸಿಕೊಳ್ಳಲಿ.

ವೇಗದ ವಿಷಯಕ್ಕೆ ಬರೋಣ. ಹೊಸ ಓಟಗಾರರಲ್ಲಿ ಬಹುತೇಕರು ನಿಧಾನವಾಗಿ ಓಡಲು ನಾಚುತ್ತಾರೆ. ಇದಕ್ಕೆ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬವರ ಉದಾಹರಣೆಯನ್ನು ಹೇಳಬೇಕು. ಆಕ್ಲೆಂಡಿನ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ತರಬೇತಿಯ ಕ್ರಮವೊಂದನ್ನು ಕಂಡುಕೊಂಡರು. ಅದರ ತಳಹದಿ ದೀರ್ಘವಾದ, ಆದರೆ ಏದುಸಿರು ಬಾರದಂಥ ಓಟ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ಅಪರಾಹ್ನ ಇವರ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್ ಓಟದಲ್ಲಿಯೂ ಮರ್ರೆ ಹಾಲ್ಬರ್ಗ್ 5,000 ಮೀಟರ್ ಓಟದಲ್ಲಿಯೂ ಚಿನ್ನದ ಪದಕಗಳನ್ನು ಗೆದ್ದರು. ಎರಡೇ ಸುತ್ತಿನ ಓಟಕ್ಕೆ ಸಿದ್ಧನಾಗುವ ಸ್ನೆಲ್ ಕೂಡ ವಾರಕ್ಕೊಮ್ಮೆ ಗುಡ್ಡಗಳ ಹಾದಿಯಲ್ಲಿ 35 ಕಿಲೋಮೀಟರ್ ಓಡುತ್ತಿದ್ದನು.

ಇದೇ ಲಿಡಿಯಾರ್ಡ್ ಅನಂತರ ನಡುವಯಸ್ಸಿನವರನ್ನೂ ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಕೂಡಿಸಿಕೊಂಡು ಆಕ್ಲೆಂಡಿನಲ್ಲಿ ನಿಧಾನ ಓಟದ ಕೂಟವನ್ನು ನಡೆಸಿದರು. 1962ರ ಕೊನೆಯಲ್ಲಿ ಅಮೆರಿಕದ ಪ್ರಸಿದ್ಧ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಆ ಕೂಟದೊಡನೆ ಓಡಲು ಹೊರಟರು. ಚಾಂಪಿಯನ್ನರನ್ನು ತಯಾರಿಸುವ ಆ ಗುರುವಿಗೆ ಆಗ 51 ವರ್ಷ. ಸ್ವಲ್ಪ ದೂರದಲ್ಲಿಯೇ ಅವರ ಉಸಿರು ಕಟ್ಟಿತು. ಹೃದಯಾಘಾತಗಳನ್ನು ಕಂಡಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಅವರಿಗಾಗಿ ಹಿಂದೆ ಉಳಿದು, ಮಾತನಾಡಿಸುತ್ತ ಜೊತೆಗೆ ಕರೆತಂದರು. ಬೋವರ್‌ಮನ್ ಊರಿಗೆ ಮರಳಿ ತಮ್ಮಲ್ಲಿಯೂ ಇಂಥ ಕೂಟವನ್ನು ಆರಂಭಿಸಿದರು. 1967ರಲ್ಲಿ ಹೃದ್ರೋಗತಜ್ಞರೊಬ್ಬರ ಜೊತೆ ಸೇರಿ ‘ಜಾಗಿಂಗ್’ ಎಂಬ ಪುಸ್ತಕವನ್ನು ಹೊರತಂದರು. ಆ ಪದವು ನಮ್ಮ ಊರುಗಳವರೆಗೂ ಬಂದ ದಾರಿಯಲ್ಲಿ ಆ ಹಿರಿಯರ ಹೆಜ್ಜೆಯೂ ಇದೆ.

ನಿಧಾನವೆಂದರೆ ಎಷ್ಟು ನಿಧಾನ? ಗಡಿಯಾರ ಬೇಡ, ನಾಲಗೆ ಸಾಕು. ಪಕ್ಕದಲ್ಲಿ ಓಡುವವರಿಗೆ ಒಂದು ಪೂರ್ಣ ವಾಕ್ಯವನ್ನು ತಡವರಿಸದೆ ಹೇಳುವಂತಿದ್ದರೆ ವೇಗವು ಸರಿಯಾಗಿದೆ. ಮೂರು ಪದಗಳಿಗೊಮ್ಮೆ ಉಸಿರೆಳೆದುಕೊಳ್ಳುವಂತಾದರೆ ಹೆಚ್ಚಾಯಿತು. ವಾರದ ಓಟದ ಬಹುಪಾಲು ಈ ಮಾತಿನ ವೇಗದಲ್ಲಿಯೇ ನಡೆಯಬೇಕು. ಎರಡು ಮೂರು ತಿಂಗಳು ಹೀಗೆ ಓಡಿದ ಮೇಲೆ ವಾರಕ್ಕೊಂದು ದಿನ ಸ್ವಲ್ಪ ಚುರುಕಾಗಿ ಓಡಬಹುದು. ಸ್ವೀಡನ್ನಿನಲ್ಲಿ 1930ರ ದಶಕದಲ್ಲಿ ಗೋಸ್ಟಾ ಹೋಲ್ಮೆರ್ ರೂಪಿಸಿದ ‘ಫಾರ್ಟ್‌ಲೆಕ್’ ಎಂಬ ವಿಧಾನವು ಹೊಸಬರಿಗೆ ಅನುಕೂಲ. ಆ ಪದಕ್ಕೆ ವೇಗದ ಆಟವೆಂದು ಅರ್ಥ. ನಮ್ಮ ರಸ್ತೆಗಳಲ್ಲಿ ವಿದ್ಯುತ್ ಕಂಬಗಳಿದ್ದರೆ ಸಾಕು: ಒಂದು ಕಂಬದಿಂದ ಇನ್ನೊಂದಕ್ಕೆ ಜೋರಾಗಿ, ಮುಂದಿನ ಎರಡು ಕಂಬಗಳವರೆಗೆ ನಿಧಾನವಾಗಿ. ಆರೇಳು ಸಲ ಆದ ಮೇಲೆ ನಿಲ್ಲಿಸಬೇಕು.

ನೋವುಗಳಲ್ಲಿ ಯಾವುದನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂಬುದನ್ನು ಅರಿಯದೆ ಮುಂದುವರಿಯುವುದು ಅಪಾಯಕಾರಿ. ಓಡಿದ ಮರುದಿನ ತೊಡೆ, ಮೀನಖಂಡಗಳಲ್ಲಿ ಎರಡೂ ಕಡೆ ಸಮನಾಗಿ ಬರುವ ಬಿಗಿತಕ್ಕೆ ಹೆದರಬೇಕಾಗಿಲ್ಲ. ಮೊಣಕಾಲ ಕೆಳಗಿನ ಎಲುಬಿನ ಒಳಅಂಚಿನಲ್ಲಿ ಗೇಣುದ್ದಕ್ಕೆ ಹರಡಿದ ನೋವಿದ್ದರೆ ಓಟವನ್ನು ಅರ್ಧಕ್ಕಿಳಿಸಿ ಮಣ್ಣಿನ ಹಾದಿಗೆ ಬರಬೇಕು. ಅದೇ ಎಲುಬಿನ ಮೇಲೆ ಒಂದು ಬೆರಳಿನಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಕಾಡಿದರೆ ಅಂದೇ ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಎಲುಬಿನ ಇಂಥ ಬಿರುಕು ಮೊದಲ ಎರಡು ಮೂರು ವಾರಗಳ ಎಕ್ಸ್‌ರೇಯಲ್ಲಿ ಅನೇಕ ಸಲ ಕಾಣುವುದಿಲ್ಲ. ‘ಎಕ್ಸ್‌ರೇ ಸರಿಯಿದೆ’ ಎಂಬ ಸಮಾಧಾನದ ಮೇಲೆ ಓಡಿ ಬಿರುಕನ್ನು ದೊಡ್ಡದು ಮಾಡಿಕೊಂಡವರಿದ್ದಾರೆ. ತೂಕ ಇಳಿಸುವ ಹಟದಲ್ಲಿ ಊಟ ಬಿಟ್ಟು ಓಡುವ ಯುವತಿಯರಲ್ಲಿ ಮುಟ್ಟು ನಿಂತರೆ ಅದು ಎಲುಬು ಸೊರಗುತ್ತಿರುವುದರ ಸೂಚನೆ. ಮನೆಯ ಹಿರಿಯ ಹೆಣ್ಣುಮಕ್ಕಳು ಇದನ್ನು ಸಂಕೋಚವಿಲ್ಲದೆ ಕೇಳಿ ತಿಳಿಯಬೇಕು.

ಹಿಮ್ಮಡಿಯ ಮೇಲ್ಭಾಗದ ಸ್ನಾಯುರಜ್ಜುವಿನ ನಡುಭಾಗದಲ್ಲಿ ನೋವು ಬಂದವರಿಗೆ ಮನೆಯ ಮೆಟ್ಟಿಲೇ ಔಷಧಶಾಲೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ, ಮೇಲೇಳುವಾಗ ಇನ್ನೊಂದು ಕಾಲಿನ ಬಲವನ್ನು ಬಳಸುವುದು. ಒಂದು ಸಲಕ್ಕೆ 15ರಂತೆ ಮೂರಾವರ್ತಿ, ದಿನಕ್ಕೆರಡು ಹೊತ್ತು, 12 ವಾರ. ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಈ ಅಭ್ಯಾಸವನ್ನು ಇಂದಿಗೂ ಬಳಸುತ್ತಾರೆ. ನೋವಿಲ್ಲದವರು ಕೂಡ ವಾರಕ್ಕೆರಡು ದಿನ ಒಂದಿಷ್ಟು ಬೈಠಕ್ ಹಾಕಿ, ಹಿಮ್ಮಡಿ ಎತ್ತಿ ಇಳಿಸಿ ಕಾಲನ್ನು ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು.

ಮಧುಮೇಹಿಗಳು ಓಡಬಾರದೆಂಬ ಭಯ ನಮ್ಮಲ್ಲಿ ಇನ್ನೂ ಇದೆ. ಓಡಬಹುದು, ಓಡುವುದು ಹಿತಕರವೂ ಹೌದು. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ದೂರ ಹೆಚ್ಚಿಸುವ ಮೊದಲು ವೈದ್ಯರೊಡನೆ ಪ್ರಮಾಣವನ್ನು ಮಾತನಾಡಿಕೊಳ್ಳಬೇಕು. ಅಂಥವರ ಸಕ್ಕರೆಯ ಅಂಶವು ಓಡುವ ಮುನ್ನ 90 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣನ್ನಾದರೂ ತಿಂದು ಹೊರಡಬೇಕು. ಜೇಬಿನಲ್ಲಿ ಬೆಲ್ಲದ ಚೂರೋ ಗ್ಲೂಕೋಸ್ ಬಿಸ್ಕತ್ತೋ ಇರಬೇಕು. ಮನೆಗೆ ಬಂದೊಡನೆ ಕಾಲುಚೀಲ ಕಳಚಿ ಪಾದಗಳನ್ನು, ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಉಪವಾಸದ ದಿನ ಓಟ ಬೇಡ, ನಡಿಗೆ ಸಾಕು. ಮಧುಮೇಹವಿರಲಿ ಇಲ್ಲದಿರಲಿ, ಓಡುವಾಗ ಎದೆಯಲ್ಲಿ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ಕಣ್ಣು ಕತ್ತಲೆ ಬಂದಂತಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ‘ಗ್ಯಾಸ್’ ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಬ್ಬಿಗಳಲ್ಲಿ ಮಾರುವ ಪುಡಿಗಳು ಐದು ಹತ್ತು ಕಿಲೋಮೀಟರ್ ಓಡುವವರಿಗೆ ಅನಗತ್ಯ. ಜೋಳದ ರೊಟ್ಟಿ, ರಾಗಿ, ಹುರುಳಿ, ಕಾಳುಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಇರುವ ಮನೆಯಲ್ಲಿ ಓಟಗಾರರಿಗೆ ಕೊರತೆಯಿಲ್ಲ. ಕಾರಣವಿಲ್ಲದೆ ಸುಸ್ತಾಗುವ ಹೆಣ್ಣುಮಕ್ಕಳು ಮಾತ್ರ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಲಿ. ಅದು 12ಕ್ಕಿಂತ ಕೆಳಗಿದ್ದರೆ ಓಟವಲ್ಲ, ಚಿಕಿತ್ಸೆ ಮೊದಲು. ಇನ್ನು ಬಿಸಿಲು. ರಾಯಚೂರು, ಕಲಬುರಗಿ, ಬಳ್ಳಾರಿಯ ಕಡೆಯವರು ಮಾರ್ಚ್ ಬಂದೊಡನೆ ಓಟವನ್ನು ಬೆಳಗಿನ ಜಾವಕ್ಕೆ ಸರಿಸಬೇಕು. ದೇಹವು ಹೊಸ ಬಿಸಿಲಿಗೆ ಒಗ್ಗಲು ಸುಮಾರು ಎರಡು ವಾರ ಬೇಕು. ಆ ಎರಡು ವಾರ ವೇಗದ ಮಾತೇ ಬೇಡ. ಕತ್ತಲಲ್ಲಿ ಓಡುವವರು ತಿಳಿ ಬಣ್ಣದ ಬಟ್ಟೆ ತೊಟ್ಟು, ಎದುರಿನಿಂದ ಬರುವ ವಾಹನಗಳು ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಬೇಕು. ನಾಯಿ ಅಟ್ಟಿಸಿಕೊಂಡು ಬಂದರೆ ಓಡದೆ ನಿಂತುಬಿಡುವುದೇ ಲೇಸು.

ಓಟವನ್ನು ಬಿಟ್ಟ ಮೈದುನನ ಮಾತೂ ಇದೆ. ಆತನಿಗೆ ಪಾಠದಲ್ಲಿ ಬೇಸರವಿರಲಿಲ್ಲ. ಪಾಠ ಮುಗಿದದ್ದೇ ಬೇಸರ. ಇನ್ನೊಬ್ಬರು ಹೇಳುವ ಗುರಿಯಿಲ್ಲದೆ ಬೆಳಗ್ಗೆ ಏಳುವುದು ಆತನಿಗಾಗಲಿಲ್ಲ. ಇಂಥವರಿಗೆ ಮೂರು ದಿನ, ಒಂದು ಹೊತ್ತು, ಒಂದು ದಾರಿ ಎಂದು ಗೊತ್ತುಮಾಡಿಕೊಂಡು, ಜೊತೆಗೊಬ್ಬರನ್ನು ಕಟ್ಟಿಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಓಟ ನಿಂತರೆ ಗಳಿಸಿದ ಸಾಮರ್ಥ್ಯವು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯತೊಡಗುತ್ತದೆ. ವಾರವೊಂದು ತಪ್ಪಿದ್ದರೆ ಹಿಂದಿನಂತೆಯೇ ಮುಂದುವರಿಯಬಹುದು; ತಿಂಗಳು ದಾಟಿದ್ದರೆ ಹಳೆಯ ಪಾಠದ ನಾಲ್ಕನೆಯ ವಾರಕ್ಕೆ ಮರಳಬೇಕು. ಹಾಗೆ ಮರಳುವುದರಲ್ಲಿ ಅವಮಾನವೇನೂ ಇಲ್ಲ.

ಶಿಕ್ಷಕಿಯವರು ಎಂಟು ವಾರ ಓಡಲಿಲ್ಲ. ಆಷಾಢದಲ್ಲಿ 8.2 ಇದ್ದ ಮೂರು ತಿಂಗಳ ಸರಾಸರಿ ಸಕ್ಕರೆಯು ಕಾರ್ತಿಕಕ್ಕೆ 7.1ಕ್ಕೆ ಇಳಿದಿತ್ತು, ಕಾಲಿಗಿಂತ ಅದು ಕೈತಪ್ಪೀತೆಂಬ ಚಿಂತೆಯೇ ಅವರಿಗೆ ಹೆಚ್ಚು. ನೋವಿಲ್ಲದೆ ನಡೆಯುವಂತಾದ ಮೇಲೆ ಮಗಳ ಸೈಕಲ್ ಹತ್ತಿದರು. ಮಾಘದಲ್ಲಿ ಪಾಠದ ಮೂರನೆಯ ವಾರದಿಂದ ಮತ್ತೆ ಆರಂಭಿಸಿದರು, ಈ ಸಲ ಮೈದುನನನ್ನೂ ಎಬ್ಬಿಸಿಕೊಂಡು. ಮೊದಲ ದಿನ ಓಡುತ್ತಿದ್ದಾಗ ಹಾಲಿಗೆ ಹೊರಟ ನೆರೆಮನೆಯವರು ‘ಯಾಕ್ರೀ ಟೀಚರ್, ಬಸ್ಸು ತಪ್ಪಿತೇನ್ರೀ?’ ಎಂದು ಕೇಳಿದರಂತೆ. ‘ತಪ್ಪಿತ್ತು ರೀ, ಮುಂದಿನದಕ್ಕ ಹೊಂಟೀನಿ’ ಎಂದರಂತೆ ಇವರು. ಈಗ ಸೋಮವಾರ, ಬುಧವಾರ, ಶನಿವಾರ ಓಡುತ್ತಾರೆ. ಶನಿವಾರದ ಓಟ ಆರೂವರೆ ಕಿಲೋಮೀಟರಿಗೆ ಬಂದಿದೆ. ಮುಂದಿನ ಶನಿವಾರ ಏಳು.